ಒಳಮಗ್ಗುಲು ತಿರುವಿ ನೋಡಿದ ಜರ್ಮನ್ ಬಟ್ಟೆಗಳು

ಯಾವ ಬಟ್ಟೆಯನ್ನೂ ನಾನು ಹೊರಗಿನಿಂದ ನೋಡಿ ಒಪ್ಪಿಕೊಳ್ಳುವವಳಲ್ಲ. ಮೊದಲು ಒಳಮಗ್ಗುಲು ತಿರುವುತ್ತೇನೆ. ಕಂಕುಳ ಹೊಲಿಗೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯುತ್ತೇನೆ, ಗುಂಡಿಯನ್ನು ತಿರುಚುತ್ತೇನೆ, ಕಾಜಾದ ಅಂಚಿನಲ್ಲಿ ನೂಲು ಬಿಟ್ಟಿದೆಯೇ ಎಂದು ಉಗುರಿನಿಂದ ಕೆರೆಯುತ್ತೇನೆ. ಬಣ್ಣ, ವಿನ್ಯಾಸದ ಮಾತೆಲ್ಲ ಆಮೇಲೆ. ಪೀಣ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಚೆಕರ್ ಆಗಿ ಸೇರಿ, ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತಳಾದ ನನಗೆ ಈ ಚಾಳಿ ಬಿಡುವ ಹಾಗಿಲ್ಲ. ಜಯನಗರದ ಅಂಗಡಿಗಳಲ್ಲಿ ನನ್ನ ಜೊತೆ ಬರಲು ನಮ್ಮ ಮನೆಯವರು ಒಪ್ಪುವುದಿಲ್ಲ.

ನಮ್ಮ ಕಾರ್ಖಾನೆಯ ಮಾಲು ಬಹುಪಾಲು ಜರ್ಮನಿಗೇ ಹೋಗುತ್ತಿತ್ತು. ಅಲ್ಲಿನ ಬಯರ್‌ಗಳ ತಪಾಸಣೆಯವರು ಬಂದ ದಿನ ಫಿನಿಷಿಂಗ್ ವಿಭಾಗದಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುತ್ತಿರಲಿಲ್ಲ. ಎಕ್ಯೂಎಲ್ 2.5 ಎಂಬ, ಎಷ್ಟು ದೋಷದವರೆಗೆ ಒಪ್ಪಬಹುದೆಂದು ಹೇಳುವ ಲೆಕ್ಕ: 2000 ಅಂಗಿಗಳ ಲಾಟ್‌ನಿಂದ 125 ಆರಿಸಿ ತೆಗೆಯುತ್ತಾರೆ, ದೋಷ 7ರಲ್ಲಿ ಕಂಡರೆ ಲಾಟ್ ಪಾಸು, 8ರಲ್ಲಿ ಕಂಡರೆ ಅಷ್ಟೂ ಮಾಲು ವಾಪಸ್ಸು. ಹೊಲಿಯುವಾಗ ಸೂಜಿ ಮುರಿದರೆ ಅದರ ಕೊನೆಯ ಚೂರೂ ಸಿಕ್ಕಿ ರಿಜಿಸ್ಟರಿನಲ್ಲಿ ಅಂಟಿಸುವ ತನಕ ಆ ಯಂತ್ರ ನಿಂತಿರಬೇಕು. ಇಷ್ಟು ಕಟ್ಟುನಿಟ್ಟಿನ ಜನ ತಮ್ಮ ದೇಶದಲ್ಲಿ ತಾವೇ ಹೊಲಿದರೆ ಅದು ಹೇಗಿರುತ್ತದೆ ಎಂಬುದು ನನ್ನ ಹಳೆಯ ಕುತೂಹಲ. ಅಕ್ಕನ ಮಗಳು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು ಬರ್ಲಿನ್‌ನಲ್ಲಿ ಕೆಲಸಕ್ಕೆ ನಿಂತ ಮೇಲೆ ಅದನ್ನು ತಣಿಸಿಕೊಳ್ಳುವ ಅವಕಾಶ ಬಂತು. ಅವಳ ಮನೆಯಲ್ಲಿ ಉಳಿದಿದ್ದಾಗ ನೋಡಿದ್ದು, ಅವಳು ರಜೆಗೆ ಬರುವಾಗ ತಂದದ್ದು, ಬೆಂಗಳೂರಿನ ನೀರು, ಬಿಸಿಲು, ಫುಟ್‌ಪಾತ್‌ಗಳಿಗೆ ಒಡ್ಡಿ ಪರೀಕ್ಷಿಸಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಜರ್ಮನ್ ಬ್ರ್ಯಾಂಡುಗಳ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಅವನ್ನು ನಾವೇ ಹೊಲಿದಿದ್ದೇವೆ. ನನ್ನ ಆಸಕ್ತಿ ಸಣ್ಣ, ಸ್ವತಂತ್ರ ಹೆಸರುಗಳ ಮೇಲೆ.

ಮೊದಲ ಸ್ಥಾನ ನಿಸ್ಸಂಶಯವಾಗಿ ಮೆರ್ಟ್ಸ್ ಬಿ. ಶ್ವಾನನ್ ಟೀ ಶರ್ಟಿಗೆ. ಟೀ ಶರ್ಟಿಗೆ ಮೊದಲ ಸ್ಥಾನವೇ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಜರ್ಮನಿಯ ದಕ್ಷಿಣದಲ್ಲಿ ಸ್ವಾಬಿಯನ್ ಆಲ್ಬ್ ಎಂಬ ಗುಡ್ಡಗಾಡು ಇದೆ, ಹೆಣಿಗೆ ಬಟ್ಟೆಗೆ ಹಿಂದಿನಿಂದಲೂ ಹೆಸರಾದ ಪ್ರದೇಶ. ಅಲ್ಲಿ ಬಾಲ್ತಸಾರ್ ಮೆರ್ಟ್ಸ್ 1911ರಲ್ಲಿ ಶುರುಮಾಡಿದ ಕಂಪನಿ ಕಾಲಾಂತರದಲ್ಲಿ ಮರೆಯಾಗಿತ್ತು. ಬರ್ಲಿನ್‌ನ ಹಳೆ ಸಾಮಾನಿನ ಸಂತೆಯಲ್ಲಿ ಪೀಟರ್ ಪ್ಲೋಟ್ನಿಕಿ ಎಂಬ ವಿನ್ಯಾಸಕನಿಗೆ ಹಳೆಯ ಕಾಲದ ಕೆಲಸಗಾರರ ಅಂಗಿಯೊಂದು ಸಿಕ್ಕಿತು. ಅದರ ಜಾಡು ಹಿಡಿದು ಹೊರಟ ಆತ ಮತ್ತು ಪತ್ನಿ ಗಿಟ್ಟಾ ಸೇರಿ 2011ರಲ್ಲಿ ಆ ಹೆಸರಿಗೆ ಮತ್ತೆ ಜೀವ ಕೊಟ್ಟರು. ಮುಖ್ಯ ಸಂಗತಿ ಯಂತ್ರದ್ದು. ಇವರ ಪ್ರಸಿದ್ಧ ಅಂಗಿಗಳ ಬಟ್ಟೆಯನ್ನು ಹೆಣೆಯುವುದು ಲೂಪ್‌ವೀಲ್ ಎಂಬ ಹಳೆಯ ವೃತ್ತಾಕಾರದ ಯಂತ್ರಗಳಲ್ಲಿ. ಬಟ್ಟೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ, ಹಿಡಿದೆಳೆಯುವ ರೋಲರುಗಳ ಜಗ್ಗಾಟ ಇಲ್ಲ. ಗಂಟೆಗೆ ಒಂದು ಮೀಟರ್ ಆಸುಪಾಸು ಬಂದರೆ ಹೆಚ್ಚು. ಹೊರಬರುವುದು ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ನಂಥ ಕೊಳವೆ. ಅದರ ಸುತ್ತಳತೆಯೇ ಅಂಗಿಯ ಎದೆಯಳತೆ. ಅಂದರೆ ಒಂದೊಂದು ಅಳತೆಗೂ ಬೇರೆ ಬೇರೆ ವ್ಯಾಸದ ಯಂತ್ರ ಬೇಕು. ಪಕ್ಕದ ಹೊಲಿಗೆ ಎಂಬುದೇ ಇಲ್ಲ.

ಈ ಕೊನೆಯ ಮಾತಿನ ಬೆಲೆ ಗೊತ್ತಾಗಬೇಕಾದರೆ ನಿಮ್ಮ ಮನೆಯ ಹಳೆಯ ಟೀ ಶರ್ಟ್ ತೆಗೆದು ನೆಲದ ಮೇಲೆ ಹಾಸಿ. ಪಕ್ಕದ ಹೊಲಿಗೆ ಕೆಳಗೆ ಬರುತ್ತಾ ಹೊಟ್ಟೆಯ ಕಡೆಗೆ ಓಡಿರುತ್ತದೆ. ವೇಗದ ಯಂತ್ರದಲ್ಲಿ ಜಗ್ಗಿ ಹೆಣೆದ ಸಿಂಗಲ್ ಜೆರ್ಸಿ ಎಂಬ ತೆಳು ಹೆಣಿಗೆಯ ಬಟ್ಟೆ ನಾಲ್ಕು ಒಗೆತಕ್ಕೆ ತನ್ನ ಮೂಲ ಸ್ವಭಾವಕ್ಕೆ ಮರಳಿ ತಿರುಚಿಕೊಳ್ಳುತ್ತದೆ, ಹೊಲಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಸ್ಪೈರಾಲಿಟಿ ಎಂದು ನಾವು ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಈ ದೋಷಕ್ಕಾಗಿ ಎಷ್ಟು ಲಾಟ್‌ಗಳು ವಾಪಸ್ಸಾಗಿವೆಯೋ! ನನ್ನ ಬಳಿ ಇರುವುದು 215 ಎಂಬ ಸಂಖ್ಯೆಯ ಬಿಳಿ ಅಂಗಿ, ಅವರ ಸಂಗ್ರಹದ ದಪ್ಪನೆಯದು, ಚದರ ಮೀಟರಿಗೆ ಸುಮಾರು 244 ಗ್ರಾಂ ತೂಕದ ಬಟ್ಟೆ. ಅಮೆರಿಕದ ಅಡುಗೆಮನೆ ಧಾರಾವಾಹಿಯೊಂದರ ನಾಯಕ 2022ರಲ್ಲಿ ಇದನ್ನು ತೊಟ್ಟು ಕಾಣಿಸಿಕೊಂಡ ಮೇಲೆ ಇದಕ್ಕೆ ಎಲ್ಲೆಡೆ ಬೇಡಿಕೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಕೆಟ್ಟಿನಲ್ಲೂ ಯಂತ್ರದಲ್ಲೂ ಒಗೆದಿದ್ದೇನೆ, ತಾರಸಿಯ ಬಿಸಿಲಿಗೆ ಒಣಹಾಕಿದ್ದೇನೆ. ಉದ್ದದಲ್ಲಿ ಕೊಂಚ ಕುಗ್ಗಿತು, ಅಲ್ಲಿಗೆ ನಿಂತಿತು. ಕತ್ತಿನ ಪಟ್ಟಿ ಇವತ್ತಿಗೂ ಜೋತುಬಿದ್ದಿಲ್ಲ. ಅಕ್ಕನ ಮಗಳ ಬಳಿ ಇರುವ ಗುಂಡಿಪಟ್ಟಿಯ ಅಂಗಿ ಇನ್ನೂ ಚೆನ್ನ: ಕಂಕುಳಡಿ ತ್ರಿಕೋನಾಕಾರದ ಸಣ್ಣ ತುಂಡೊಂದನ್ನು ಸೇರಿಸಿ ಹೊಲಿದಿದ್ದಾರೆ, ಕೈ ಎತ್ತಿದರೆ ಅಂಗಿ ಮೇಲೇರುವುದಿಲ್ಲ. ನಮ್ಮ ತಾತಂದಿರ ಜುಬ್ಬಾಗಳಲ್ಲೂ ಇದೇ ಉಪಾಯ ಇರುತ್ತಿತ್ತು. ಬಟ್ಟೆಯೂ ಸಮಯವೂ ಉಳಿಯುತ್ತದೆಂದು ನಾವು ಬಿಟ್ಟೆವು.

ಬೆಲೆ 80 ಯೂರೋ ಆಸುಪಾಸು. ತಿರುಪ್ಪೂರಿನ ಒಳ್ಳೆಯ ಟೀ ಶರ್ಟುಗಳು ಅಷ್ಟು ಹಣಕ್ಕೆ ಒಂದು ರಾಶಿ ಬರುತ್ತವೆ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ನಿಜ. ಆದರೆ ಅವರೇ ಅದನ್ನು ಕೈಯಲ್ಲಿ ಹಿಡಿದು, ತಿರುವಿ, ಭುಜದ ಹೊಲಿಗೆಯನ್ನು ಎಳೆದು ನೋಡಿ, ಹಿಂದಿರುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಒಂದು ಎಚ್ಚರಿಕೆ ಮಾತ್ರ: ಏಪ್ರಿಲ್ ಮಧ್ಯಾಹ್ನ ಈ ದಪ್ಪನೆಯ ಅಂಗಿ ತೊಟ್ಟು ಮೆಜೆಸ್ಟಿಕ್‌ನಲ್ಲಿ ಬಸ್ ಕಾಯಬೇಡಿ. ಜೂನ್‌ನಿಂದ ಫೆಬ್ರವರಿವರೆಗೆ ಬೆಂಗಳೂರಿಗೆ ಹೇಳಿ ಮಾಡಿಸಿದ್ದು. ಬೇಸಿಗೆಗೆ ಅವರದೇ ತೆಳು ಬಟ್ಟೆಯ ಮಾದರಿ ಆರಿಸಿಕೊಳ್ಳಿ.

ಟ್ರಿಪ್ಪನ್ ಪಾದರಕ್ಷೆ ಎರಡನೆಯದು. ಮಿಖಾಯೆಲ್ ಓಲರ್ ಮತ್ತು ಆಂಗೆಲಾ ಶ್ಪೀಟ್ 1990ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಮರದ ಅಡಿಯ ಪಾದರಕ್ಷೆಗಳಿಂದ ಶುರುಮಾಡಿದರು. ಈಗ ಬರ್ಲಿನ್‌ನ ಉತ್ತರಕ್ಕಿರುವ ತ್ಸೇಡೆನಿಕ್ ಎಂಬ ಸಣ್ಣ ಊರಿನಲ್ಲಿ ಅವರದೇ ಕಾರ್ಖಾನೆ ಇದೆ. ಹಾಕೆಶೆ ಹೋಫೆ ಎಂಬ, ಒಂದರೊಳಗೊಂದು ಅಂಗಳಗಳಿರುವ ಹಳೆಯ ಕಟ್ಟಡ ಸಮುಚ್ಚಯದಲ್ಲಿ ಅಂಗಡಿ. ಆಕಾರ ನೋಡಿದರೆ ಮೊದಲಿಗೆ ನಗು ಬರುತ್ತದೆ. ಕೆಲವು ಮಾದರಿಗಳ ಮೂತಿ ಅಗಲವಾಗಿ, ಅಡಿ ದಪ್ಪವಾಗಿ, ಯಾವುದೋ ಯಂತ್ರದ ಬಿಡಿಭಾಗದ ಹಾಗೆ ಕಾಣುತ್ತವೆ. ಕಾಲಿಗೆ ಹಾಕಿದ ಮೇಲೆ ನಗು ನಿಲ್ಲುತ್ತದೆ. ಬೆರಳುಗಳಿಗೆ ಜಾಗ ಬಿಟ್ಟು ಮಾಡಿದ ಚಪ್ಪಲಿ ಜೀವನದಲ್ಲಿ ಎಷ್ಟು ಸಿಕ್ಕಿವೆ ನಮಗೆ?

ಸಂಪಿಗೆ ರಸ್ತೆಯಲ್ಲಿ ಕಿತ್ತುಹೋದ ಕಲ್ಲುಚಪ್ಪಡಿಗಳ ಮೇಲೆ ಇದನ್ನು ಹಾಕಿಕೊಂಡು ಓಡಾಡಿದ್ದೇನೆ. ಮಳೆಯಲ್ಲಿ ಜಾರಲಿಲ್ಲ. ಆದರೂ ನನ್ನ ತೀರ್ಪಿಗಿಂತ ನಮ್ಮ ಬೀದಿಯ ತಿರುವಿನಲ್ಲಿ ಕೂರುವ ಚಮ್ಮಾರರ ತೀರ್ಪು ದೊಡ್ಡದು. ಅವರಿಗೆ ಕೊಟ್ಟೆ. ಅಡಿಯನ್ನು ಬಾಗಿಸಿ, ಹೊಲಿಗೆಯ ಗುಂಟ ಬೆರಳು ಓಡಿಸಿ, ಮೂಸಿಯೂ ನೋಡಿದರು. “ಅಮ್ಮ, ಇದರ ಅಡಿ ಹೊಲಿದದ್ದು, ಅಂಟಿಸಿದ್ದಲ್ಲ. ಸವೆದರೆ ಬಿಚ್ಚಿ ಬೇರೆ ಹಾಕಬಹುದು. ಆದರೆ ಇಂಥ ಅಡಿ ನನ್ನ ಹತ್ತಿರ ಸಿಗುವುದಿಲ್ಲ” ಎಂದರು. ಇಷ್ಟರಲ್ಲಿ ಈ ಪಾದರಕ್ಷೆಯ ಗುಣವೂ ಬೆಂಗಳೂರಿನಲ್ಲಿ ಅದರ ತೊಡಕೂ ಎರಡೂ ಬಂದವು. ರಿಪೇರಿಗೆ ಬರ್ಲಿನ್‌ಗೇ ಹೋಗಬೇಕು. 300 ಯೂರೋ ಮೀರಿದ ಬೆಲೆಗೆ ಅಲ್ಲಿ ಯಾರಾದರೂ ನಿಮ್ಮವರು ಇದ್ದರೆ ಮಾತ್ರ ಕೊಳ್ಳಿ, ಕೊಂಡರೆ ರಬ್ಬರ್ ಅಡಿಯದನ್ನೇ ಕೊಳ್ಳಿ. ಮರದ ಅಡಿ ನಮ್ಮ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳಿಗೆ ಆಗುವುದಲ್ಲ.

ಫ್ರಾಂಕ್ ಲೇಡರ್ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಜಪಾನಿನಲ್ಲಿ ಅವರಿಗೆ ದೊಡ್ಡ ಅಭಿಮಾನಿ ಬಳಗವಿದೆ. ಲಂಡನ್‌ನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ ಕಲಿತು ಬರ್ಲಿನ್‌ನಲ್ಲಿ ನೆಲೆಸಿದವರು. ಇವರ ವಸ್ತುವೆಲ್ಲ ಹಳೆಯ ಜರ್ಮನಿಯ ಕಸುಬುದಾರರು. ಅಲ್ಲಿ ಬಡಗಿಯ ಕೆಲಸ ಕಲಿತವರು ಊರು ಬಿಟ್ಟು ಮೂರು ವರ್ಷ ಒಂದು ದಿನ ಅಲೆಯುತ್ತಾ ದುಡಿಯುವ ಸಂಪ್ರದಾಯ ಇಂದಿಗೂ ಉಳಿದಿದೆ. ಅವರ ಕರಿ ಉಡುಪಿನ ವೇಸ್ಟ್‌ಕೋಟಿಗೆ ಎಂಟು ಗುಂಡಿ, ಕೋಟಿಗೆ ಆರು ಗುಂಡಿ: ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನದ ದುಡಿಮೆ ಎಂದು ವಿವರಿಸುತ್ತಾರೆ. (ನಮ್ಮ ಲೈನಿನ ಹುಡುಗಿಯರ ದುಡಿಮೆಯನ್ನು ಹೀಗೆ ಗುಂಡಿಯಲ್ಲಿ ಲೆಕ್ಕ ಹಾಕಿದರೆ, ಸಾಗಣೆಯ ವಾರದಲ್ಲಿ ವೇಸ್ಟ್‌ಕೋಟು ಮೊಣಕಾಲು ಮುಟ್ಟುತ್ತಿತ್ತು.) ಲೇಡರ್ ಇಂಥ ಉಡುಪಿನ ರೂಪಗಳನ್ನೂ ಬಟ್ಟೆಗಳನ್ನೂ ಬಳಸುತ್ತಾರೆ. ಅದರಲ್ಲಿ ಡಾಯ್ಚ್‌ಲೇಡರ್ ಎಂಬುದು ಒಂದು: ಚರ್ಮವಲ್ಲ, ಒತ್ತಾಗಿ ನೇಯ್ದು ಮೇಲ್ಮೈ ಉಜ್ಜಿದ ದಪ್ಪ ಹತ್ತಿ. ಆ ಪ್ಯಾಂಟನ್ನು ಕೈಯಲ್ಲಿ ಹಿಡಿದಾಗ, ಇದನ್ನು ಹೊಲಿಯಲು ನಮ್ಮ ಲೈನಿನಲ್ಲಿ ಎಷ್ಟು ಸೂಜಿ ಮುರಿಯುತ್ತಿದ್ದವು ಎಂಬುದೇ ನನಗೆ ಬಂದ ಮೊದಲ ಯೋಚನೆ. ಹೊಲಿಗೆ ಮಾತ್ರ ಎಲ್ಲೂ ಸೊಟ್ಟಗಿರಲಿಲ್ಲ. ಮೆಚ್ಚಿದೆ, ಕೊಳ್ಳಲಿಲ್ಲ. ನಂದಿಬೆಟ್ಟಕ್ಕೆ ಡಿಸೆಂಬರ್ ಬೆಳಗ್ಗೆ ಬೈಕಿನಲ್ಲಿ ಹೋಗುವ ಹುಡುಗರಿಗೆ ಸರಿ.

ಶ್ಟುಟ್‌ಗಾರ್ಟ್‌ನ ಯೂಲಿಯಾ ಹಾಯರ್ ಉಡುಪು ಇದಕ್ಕೆ ತದ್ವಿರುದ್ಧ. ತೆಳು ಬಟ್ಟೆಯ ಮೇಲೆ ದಟ್ಟ ಬಣ್ಣದ ಮುದ್ರಣ, ಅದರ ಮೇಲೆ ಸಾವಿರಾರು ಸಣ್ಣ ನೆರಿಗೆ. ಈ ನೆರಿಗೆ ಜಪಾನಿನ ಅರಾಶಿ ಶಿಬೋರಿ ಕ್ರಮದ್ದು: ಬಟ್ಟೆಯನ್ನು ಕೊಳವೆಗೆ ಸುತ್ತಿ, ದಾರದಿಂದ ಬಿಗಿದು, ಒತ್ತರಿಸಿ, ಶಾಖ ಕೊಟ್ಟು ನೆರಿಗೆಯನ್ನು ನಿಲ್ಲಿಸುತ್ತಾರೆ. ಎಲ್ಲವೂ ಕೈಕೆಲಸ. ಅಕ್ಕನ ಮಗಳ ಬಳಿಯ ಅಂಗಿಯನ್ನು ತಿರುಚಿ ಕೈಚೀಲದ ಮೂಲೆಗೆ ತುರುಕಿ ಬಸವನಗುಡಿಯಲ್ಲಿ ಒಂದು ಮದುವೆಗೆ ಹೋದೆವು. ಅಲ್ಲಿ ಕೊಠಡಿಯಲ್ಲಿ ಕೊಡವಿ ತೊಟ್ಟಳು. ಇಸ್ತ್ರಿಯ ಹಂಗೇ ಇಲ್ಲ. ಸೀರೆಯ ನೆರಿಗೆ ಹಿಡಿಯಲು ಪಿನ್ನು ಹುಡುಕುತ್ತಿದ್ದ ಹೆಂಗಸರೆಲ್ಲ ಅವಳ ಸುತ್ತ ನೆರೆದರು. ಅಳತೆಯ ಗೊಂದಲವೂ ಕಡಿಮೆ, ನೆರಿಗೆ ಮೈಗೆ ತಕ್ಕ ಹಾಗೆ ಹಿಗ್ಗುತ್ತದೆ. ನನ್ನ ವಯಸ್ಸಿನವರೂ ಧೈರ್ಯವಾಗಿ ತೊಡಬಹುದಾದ ಫ್ಯಾಷನ್ ಉಡುಪು ನಾನು ನೋಡಿದ್ದರಲ್ಲಿ ಇದೊಂದೇ. ಬೆಲೆ ಕೇಳಿದ ಮೇಲೆ ಧೈರ್ಯ ಕೊಂಚ ಇಳಿಯಿತು.

ನಡುವೆ ಒಂದು ನೀಲಿ ಬಟ್ಟೆಯ ಮಾತು, ಇದು ಉಡುಪಲ್ಲ, ಫ್ಯಾಷನ್ನೂ ಅಲ್ಲ. ಐನ್‌ಬೆಕ್ ಎಂಬ ಊರಿನಲ್ಲಿ 1638ರಿಂದ ನೀಲಿಯಚ್ಚಿನ ಕಾರ್ಯಾಗಾರವಿದೆ. ಮರದ ಅಚ್ಚಿನಿಂದ ಬಣ್ಣ ತಡೆಯುವ ಅಂಟನ್ನು ಒತ್ತಿ, ನೀಲಿಯ ತೊಟ್ಟಿಯಲ್ಲಿ ಅದ್ದಿ, ಆಮೇಲೆ ಅಂಟು ತೊಳೆದರೆ ಬಿಳಿ ಹೂವು ಉಳಿಯುತ್ತದೆ. ಜರ್ಮನಿಯೂ ಸೇರಿ ಐದು ದೇಶಗಳ ಈ ಕಲೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲಕ್ಕೆ ಯುರೋಪಿನ ತೊಟ್ಟಿಗಳಿಗೆ ನೀಲಿ ಹೋಗುತ್ತಿದ್ದುದು ನಮ್ಮ ದೇಶದಿಂದ. ಜರ್ಮನಿಯದೇ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ನಮ್ಮ ನೀಲಿ ಬೆಳೆಯ ವ್ಯಾಪಾರ ಮುಗಿಯುತ್ತಾ ಬಂತು. ಅಕ್ಕನ ಮಗಳು ತಂದ ಮೇಜುವಸ್ತ್ರವನ್ನು ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದೆ. ಬಣ್ಣ ಹತ್ತಲಿಲ್ಲ. ಇಷ್ಟು ಸಾಕು, ಉಳಿದದ್ದು ಕಣ್ಣಿಗೆ ಬಿಟ್ಟದ್ದು.

ಬೇರೆ ಹೆಸರುಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ. 2016ರಲ್ಲಿ ಶುರುವಾದ ಜಿಎಂಬಿಎಚ್ ಎಂಬ ಬ್ರ್ಯಾಂಡಿನ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಪಾಕಿಸ್ತಾನಿ ಮೂಲದ ನಾರ್ವೇಜಿಯನ್, ಇನ್ನೊಬ್ಬರು ತುರ್ಕಿ ಮೂಲದ ಜರ್ಮನ್. ಕಾರ್ಖಾನೆಗಳಲ್ಲಿ ಮಿಕ್ಕ ಬಟ್ಟೆಗಳಿಂದ ಆರಂಭಿಸಿದರು. ಕತ್ತರಿಸುವಿಕೆ ಬಲು ಚುರುಕು, ಆದರೆ ಅದು ರಾತ್ರಿಯಿಡೀ ಕುಣಿಯುವ ವಯಸ್ಸಿನವರಿಗೆ. ಲಾಲಾ ಬರ್ಲಿನ್‌ನ ಸ್ಥಾಪಕಿ ಲೇಲಾ ಪಿಯೆದಾಯೆಶ್ ಟೆಹ್ರಾನ್‌ನಲ್ಲಿ ಹುಟ್ಟಿದವರು. ಅವರ ಶಾಲುಗಳು ಚೆಂದ, ಆದರೆ ಶಾಲಿನ ವಿಷಯದಲ್ಲಿ ಭಾರತೀಯರನ್ನು ಮೆಚ್ಚಿಸುವುದು ಕಷ್ಟ. ಪ್ಯಾರಿಸ್‌ನಲ್ಲಿ ಒಬ್ಬರು, ಬರ್ಲಿನ್‌ನಲ್ಲಿ ಒಬ್ಬರು ಕುಳಿತು ನಡೆಸುವ ಬ್ಲೆಸ್ ತನ್ನ ಸಂಗ್ರಹಗಳಿಗೆ ಒಂದೊಂದು ಸಂಖ್ಯೆ ಕೊಡುತ್ತದೆ. ಅದರಲ್ಲಿ ಕೆಲವು ಬಟ್ಟೆಯೋ ಪೀಠೋಪಕರಣವೋ ನನಗೆ ತಿಳಿಯಲಿಲ್ಲ. ವುರ್ಟ್ಸ್‌ಬುರ್ಗ್ ಹತ್ತಿರದ ಸಣ್ಣ ಊರಿನಿಂದ ಬರುವ ಓಡೇ ಮುದ್ರಿತ ಬಟ್ಟೆಗಳಿಗೆ ಎರಡು ಸಲ ತಿರುಗಿ ನೋಡಿದೆ.

ಇವೆಲ್ಲ ಒಂದೇ ಕಡೆ ಸಿಗುವುದಿಲ್ಲ. ಬರ್ಲಿನ್‌ನ ಪೊಟ್ಸ್‌ಡಾಮರ್ ರಸ್ತೆಯಲ್ಲಿ, ಹಿಂದೆ ಪತ್ರಿಕಾ ಕಚೇರಿಯಿದ್ದ ಅಂಗಳದೊಳಗೆ ಆಂಡ್ರಿಯಾಸ್ ಮುರ್ಕುಡಿಸ್ ಅಂಗಡಿ ಇದೆ. ಬೀದಿಯಿಂದ ಕಾಣುವುದೇ ಇಲ್ಲ. ಬಿಳಿ ಗೋಡೆ, ಎತ್ತರದ ಚಾವಣಿ, ಬಟ್ಟೆಗಳ ನಡುವೆ ಧಾರಾಳ ಜಾಗ. ಚಿಕ್ಕಪೇಟೆಯ ಒಬ್ಬ ವ್ಯಾಪಾರಿಗೆ ಅಷ್ಟು ಜಾಗ ಕೊಟ್ಟರೆ ಮೂರು ಅಂಗಡಿ ಹೂಡುತ್ತಾನೆ. ಆಂಡ್ರಿಯಾಸ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಕೋಸ್ಟಾಸ್ ಮುರ್ಕುಡಿಸ್ ಸ್ವತಃ ವಿನ್ಯಾಸಕ, ಹಿಂದೆ ಆಸ್ಟ್ರಿಯಾದ ಹೆಸರಾಂತ ವಿನ್ಯಾಸಕ ಹೆಲ್ಮುಟ್ ಲಾಂಗ್ ಜೊತೆ ಕೆಲಸ ಮಾಡಿದವರು. ನಾನು ಒಂದು ಕೋಟನ್ನು ಒಳಮಗ್ಗುಲು ತಿರುವಿದಾಗ ಅಂಗಡಿಯ ಹುಡುಗ ಗಾಬರಿಯಾಗಲಿಲ್ಲ. ಬದಲಿಗೆ ಹತ್ತಿರ ಬಂದು ಲೈನಿಂಗ್ ಎಲ್ಲಿ ಕೈಯಿಂದ ಹೊಲಿದದ್ದೆಂದು ತೋರಿಸಿದ. “ಚಿಕ್ಕಮ್ಮ, ನೀವು ಇಲ್ಲೇ ಕೆಲಸಕ್ಕೆ ಸೇರಿಬಿಡಿ” ಎಂದು ನಮ್ಮ ಹುಡುಗಿ ಹಾಸ್ಯ ಮಾಡಿದಳು. ಕ್ರಾಯ್ಟ್ಸ್‌ಬರ್ಗ್‌ನ ವೂ ಸ್ಟೋರ್ ಹಿಂದೆ ಬೀಗ ಮಾಡುವವರ ಕಾರ್ಯಾಗಾರವಾಗಿತ್ತಂತೆ. ಹುಡುಗರಿಗೆ ಅದೇ ಹೆಚ್ಚು ಇಷ್ಟ, ಕಾಫಿಯೂ ಸಿಗುತ್ತದೆ.

ಎಲ್ಲ ಸಣ್ಣವರೂ ಸಾಚಾ ಎಂದು ನಾನು ಹೇಳುತ್ತಿಲ್ಲ. ಹೆಸರು ಬೇಡ, ಒಂದು ಪುಟ್ಟ ಅಂಗಡಿಯಲ್ಲಿ ದುಬಾರಿ ಅಂಗಿಯೊಂದನ್ನು ತಿರುವಿದೆ. ಅಂಚು ಕಟ್ಟುವ ಓವರ್‌ಲಾಕ್ ಹೊಲಿಗೆಯ ನೂಲು ಬಾಲದಂತೆ ನೇತಾಡುತ್ತಿತ್ತು, ಜೇಬಿನ ಮೂಲೆಗೆ ಬಾರ್ಟ್ಯಾಕ್ ಎಂಬ ಬಿಗಿ ಹೊಲಿಗೆ ಇಲ್ಲ, ಚೌಕಳಿ ಪಕ್ಕದ ಹೊಲಿಗೆಯಲ್ಲಿ ಕೂಡಿಲ್ಲ. ಕೇಳಿದರೆ, ಕೈಕೆಲಸದ ಅಪೂರ್ಣತೆಯೇ ಅದರ ಸೌಂದರ್ಯ ಎಂಬ ಉತ್ತರ. ಪೀಣ್ಯದಲ್ಲಿ ಇದನ್ನು ಆಲ್ಟರೇಷನ್ ಎಂದು ಕರೆದು ಲೈನಿಗೆ ವಾಪಸ್ ಕಳಿಸುತ್ತಿದ್ದೆವು. ಸಣ್ಣದಾಗಿರುವುದು ಗುಣವಲ್ಲ, ಸಣ್ಣದಾಗಿರುವುದರಿಂದ ಪ್ರತಿಯೊಂದು ಅಂಗಿಯನ್ನೂ ನೋಡಲು ಸಮಯ ಸಿಗುತ್ತದೆ, ಆ ಸಮಯವನ್ನು ಬಳಸಿದರೆ ಗುಣ. 125ರಲ್ಲಿ 7 ಕೆಟ್ಟರೆ ಪರವಾಗಿಲ್ಲ ಎಂಬ ಲೆಕ್ಕ ದೊಡ್ಡವರಿಗೆ ಇರಬಹುದು. 80 ಯೂರೋ ಕೇಳುವವರಿಗೆ ಆ ರಿಯಾಯಿತಿ ಇಲ್ಲ.

ಯಾರು ಹೊಲಿದರು ಎಂದು ಕೇಳುವುದನ್ನೂ ನಾನು ಬಿಡುವುದಿಲ್ಲ. ಮಾಲು ತಯಾರಿಸುವ ಕಡೆ ಕಾರ್ಮಿಕರ ಹಕ್ಕುಗಳ ಬಗ್ಗೆ ಕಂಪನಿಗಳು ನಿಗಾ ಇಡಬೇಕೆನ್ನುವ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರಲ್ಲಿ ಜಾರಿಗೆ ಬಂತು. ಅದು ಮೊದಲು 3000, ಮರುವರ್ಷದಿಂದ 1000 ನೌಕರರಿಗಿಂತ ಕಡಿಮೆಯಿಲ್ಲದ ಕಂಪನಿಗಳಿಗೆ ಅನ್ವಯಿಸಿದ್ದು. ಈ ಪುಟ್ಟ ಹೆಸರುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಆಡಿಟ್ ದಿನ ಹೊಸ ಏಪ್ರನ್, ಹೊಸ ಕುಡಿಯುವ ನೀರಿನ ಕ್ಯಾನು ಬರುವುದನ್ನು ಕಂಡ ನನಗೆ ಆಡಿಟ್ ಮೇಲೆ ಅತಿ ಭಕ್ತಿ ಇಲ್ಲ. ನೇರವಾಗಿ ಕೇಳಿ: ಬಟ್ಟೆ ಎಲ್ಲಿ ಹೆಣೆದದ್ದು, ಎಲ್ಲಿ ಹೊಲಿದದ್ದು? ಊರಿನ ಹೆಸರು ಹೇಳಿದರೆ ಮುಂದುವರಿಯಿರಿ. “ಯುರೋಪಿನಲ್ಲಿ” ಎಂದರೆ ಇನ್ನೊಮ್ಮೆ ಕೇಳಿ.

ಅಳತೆಯ ವಿಷಯ: ಜರ್ಮನ್ 38 ಎಂದರೆ ಫ್ರೆಂಚ್ 40, ಇಟಾಲಿಯನ್ 44. ಎಲ್ಲ ದೇಶದ ಮಾಲು ಇಡುವ ಅಂಗಡಿಯಲ್ಲಿ ಸಂಖ್ಯೆ ನೋಡಿ ಎತ್ತಿಕೊಂಡರೆ ಕೆಟ್ಟಿರಿ. ಎದೆಯಳತೆ ಸೆಂಟಿಮೀಟರಿನಲ್ಲಿ ಕೇಳಿ. ತೋಳು ನಮಗೆ ಉದ್ದವಾಗುವುದು ಖಾತ್ರಿ. ಅಕ್ಕನ ಮಗಳ ಬೀದಿಯಲ್ಲಿ ವಿಯೆಟ್ನಾಂ ಮೂಲದ ಹೆಂಗಸೊಬ್ಬರು ಬಟ್ಟೆ ತಿದ್ದುವ ಅಂಗಡಿ ಇಟ್ಟಿದ್ದಾರೆ. ಪೂರ್ವ ಜರ್ಮನಿ 1980ರ ದಶಕದಲ್ಲಿ ವಿಯೆಟ್ನಾಂನಿಂದ ಸಾವಿರಾರು ಕಾರ್ಮಿಕರನ್ನು ಕರಾರಿನ ಮೇಲೆ ಕರೆಸಿಕೊಂಡಿತ್ತು, ಅನೇಕರು ಉಡುಪು ಕಾರ್ಖಾನೆಗಳಲ್ಲಿ ದುಡಿದರು. ನಮಗಿಬ್ಬರಿಗೂ ಸಮಾನ ಭಾಷೆ ಇರಲಿಲ್ಲ. ತೋಳಿನ ಪಟ್ಟಿಯನ್ನು ಬಿಚ್ಚಿ ಮೇಲೇರಿಸಬೇಕು, ಕೆಳಗಿನಿಂದ ಕತ್ತರಿಸಬಾರದು ಎಂದು ನಾನು ಬೆರಳಲ್ಲಿ ತೋರಿಸುವ ಮುಂಚೆಯೇ ಅವರು ಪಟ್ಟಿ ಬಿಚ್ಚತೊಡಗಿದ್ದರು.

ಬೆಲೆಯಲ್ಲಿ ಅಲ್ಲಿನ ಶೇ 19ರಷ್ಟು ತೆರಿಗೆ ಸೇರಿರುತ್ತದೆ. ಪ್ರವಾಸಿಗರು ಒಂದೇ ಅಂಗಡಿಯಲ್ಲಿ 50 ಯೂರೋ ಮೀರಿ ಕೊಂಡರೆ ಆ ತೆರಿಗೆ ವಾಪಸ್ ಪಡೆಯುವ ಕಾಗದ ಕೇಳಿ ಪಡೆಯಬಹುದು. ಮೂರು ತಿಂಗಳೊಳಗೆ ಹೊರಡಬೇಕು, ವಿಮಾನ ನಿಲ್ದಾಣದಲ್ಲಿ ಸುಂಕದವರ ಮುದ್ರೆ ಬೀಳಬೇಕು, ಬಟ್ಟೆಯನ್ನು ತೋರಿಸಬೇಕಾಗುವುದರಿಂದ ಸೂಟ್‌ಕೇಸನ್ನು ಅದಕ್ಕೂ ಮೊದಲೇ ಚೆಕ್ ಇನ್ ಮಾಡಬೇಡಿ. ಬೆಂಗಳೂರಿಗೆ ಪಾರ್ಸೆಲ್ ತರಿಸಿದರೆ ಅಲ್ಲಿನ ತೆರಿಗೆ ಉಳಿದೀತು, ಇಲ್ಲಿನ ಸುಂಕವೂ ಕೊರಿಯರ್‌ನವರ ಶುಲ್ಕವೂ ಸೇರಿ ಉಳಿತಾಯವನ್ನು ನುಂಗಿ ನೀರು ಕುಡಿಯುತ್ತವೆ. ಅಳತೆ ತಪ್ಪಿದರೆ ವಾಪಸ್ ಕಳಿಸುವ ಖರ್ಚು ಬೇರೆ. ಅದಕ್ಕಾಗಿ ನಾನು ಪಾರ್ಸೆಲ್ ತರಿಸುವುದಿಲ್ಲ. ದೀಪಾವಳಿಗೆ ಬರುವ ಹುಡುಗಿಗೆ ಗುಂಡಿಪಟ್ಟಿಯ ಮೆರ್ಟ್ಸ್ ಅಂಗಿಯೊಂದನ್ನು ತರಲು ಹೇಳಿದ್ದೇನೆ. ಬಣ್ಣ ಅವಳ ಇಷ್ಟ. ಎದೆಯಳತೆಯನ್ನು ಸೆಂಟಿಮೀಟರಿನಲ್ಲಿ ಬರೆದು ಕಳಿಸಿದ್ದೇನೆ.